ಹದಿನೇಳರ ಸೊಪ್ಪು

ಬಸ್ಸಿನ ಮೇಲಿಂದ ಕ್ಲೀನರು ಪೆಟ್ಟಿಗೆ ಇಳಿಸಿಕೊಟ್ಟ. ಅದರ ಒಂದು ಹಿಡಿ ನಾನು ಹಿಡಿದೆ, ಇನ್ನೊಂದು ನೀಲು ಹಿಡಿದಳು. ನಾಲ್ಕು ಹೆಜ್ಜೆ ಹಾಕುವಷ್ಟರಲ್ಲೇ ನನಗೆ ತಿಳಿಯಿತು, ಇದು ಎರಡು ದಿನಕ್ಕೆಂದು ಬಂದವಳ ಪೆಟ್ಟಿಗೆ ಅಲ್ಲ.

"ಎಂತ ಕೂಸೇ, ಮೈಸೂರನ್ನೇ ಹೊತ್ಕಂಡು ಬಂದಿಯಾ?" ಅಂದೆ.

"ಪುಸ್ತಕ ದೊಡ್ಡವ್ವ. ಓದೋದು ಉಟ್ಟು," ಅಂದಳು. ನನ್ನ ಮುಖ ನೋಡಲಿಲ್ಲ. ಮೈಸೂರಿಗೆ ಹೋದರೂ 'ಇದೆ' ಎನ್ನುವುದಕ್ಕೆ ನಮ್ಮ 'ಉಟ್ಟು' ಬಿಟ್ಟಿರಲಿಲ್ಲ.

ನೀಲಾವತಿ ನನ್ನ ಮೈದುನ ನಾಣಯ್ಯನ ಮಗಳು. ಆಗ ಅವಳಿಗೆ ಹತ್ತೊಂಬತ್ತು. ಐವತ್ತೆರಡನೇ ಇಸವಿ ಅದು. ಕೊಡಗು ತನ್ನಷ್ಟಕ್ಕೆ ಒಂದು ರಾಜ್ಯವಾಗಿತ್ತು, ಆ ವರ್ಷದ ಆರಂಭದಲ್ಲೇ ನಾವೆಲ್ಲ ಸಾಲು ನಿಂತು ಓಟು ಹಾಕಿ ಬಂದಿದ್ದೆವು. ಮೈಸೂರು ಎಂದರೆ ಬೇರೆ ರಾಜ್ಯ. ಚೇರಂಬಾಣೆಯ ಕಡೆಯಿಂದ ಒಬ್ಬ ಹೆಣ್ಣು ಮಗಳು ಅಲ್ಲಿಗೆ ಹೋಗಿ ಚಿತ್ರ ಬರೆಯುವುದನ್ನು ಕಲಿಯುತ್ತಾಳೆ ಎಂದರೆ ಜನ ಸುಮ್ಮನಿರುತ್ತಾರೆಯೇ. ನಾಣಯ್ಯ ಮಗಳನ್ನು ಗೋಡೆಗೆ ಸುಣ್ಣ ಬಳಿಯಲು ಕಲಿಯೋಕೆ ಕಳಿಸಿದ್ದಾನೆ ಎಂದು ಹೇಳಿ ನಕ್ಕವರಿದ್ದರು. ನಾಣಯ್ಯ ಯಾರಿಗೂ ಉತ್ತರ ಕೊಟ್ಟವನಲ್ಲ. ಒಂದು ವರ್ಷದಿಂದ ಹಾಗೇ ಕೇಳಿಸಿಕೊಂಡು ಇದ್ದ.

ನೀಲು ಬಂದದ್ದು ಆಟಿ ಹದಿನೆಂಟಕ್ಕೆ. ಮಳೆಗಾಲದ ನಡುವಿನ ಆಟಿ ತಿಂಗಳ ಹದಿನೆಂಟನೇ ದಿನ ಮದ್ದು ಸೊಪ್ಪಿನ ಪಾಯಸ ಮಾಡುವುದು ನಮ್ಮಲ್ಲಿ ಬಿಡುವಂತಿಲ್ಲ. ಆ ಗಿಡದಲ್ಲಿ ಹದಿನೆಂಟು ಬಗೆಯ ಮದ್ದು ಆ ಒಂದು ದಿನ ಬಂದು ಸೇರುತ್ತದೆ ಎಂದು ಹಿರಿಯರ ನಂಬಿಕೆ. ಆ ವರ್ಷ ಅದು ಭಾನುವಾರ ಬಿದ್ದಿತ್ತು, ಅವಳು ಶುಕ್ರವಾರವೇ ಬಂದಳು. ನೀಲುವಿನ ಅವ್ವ, ನನ್ನ ವಾರಗಿತ್ತಿ, ದೊಡ್ಡ ಮಗಳ ಬಾಣಂತನಕ್ಕೆ ಸುಳ್ಯಕ್ಕೆ ಹೋಗಿದ್ದಳು. ಹಾಗಾಗಿ ಅಡುಗೆಮನೆ ನನ್ನ ಕೈಯಲ್ಲಿತ್ತು.

ಜಗಲಿಯಲ್ಲಿ ಇಟ್ಟ ಪೆಟ್ಟಿಗೆಯನ್ನು ನಾಣಯ್ಯ ಎತ್ತಿ ಒಳಗಿನ ಕೋಣೆಗೆ ಇಟ್ಟು ಬಂದ. "ಕೈಕಾಲು ತೊಳ್ಕ ಕೂಸು, ಕಾಫಿ ಆರ್ತದೆ," ಅಂದ, ಅಷ್ಟೆ.

ಶನಿವಾರ ಬೆಳಿಗ್ಗೆ ರೊಟ್ಟಿ ತಟ್ಟುತ್ತಿದ್ದೆ. ನೀಲು ಒಲೆಯ ಪಕ್ಕ ಬಂದು ಕುಳಿತಳು. ನಾನು ಕೇಳಲಿಲ್ಲ. ಕೇಳಿದರೆ ಬಾಯಿ ಮುಚ್ಚುವವಳು ಅವಳು, ಚಿಕ್ಕಂದಿನಿಂದ ಹಾಗೇ. ಮೂರನೇ ರೊಟ್ಟಿ ಕಾವಲಿ ಮೇಲೆ ಉಬ್ಬುವಾಗ ಅವಳೇ ಶುರು ಮಾಡಿದಳು.

"ನಾನು ವಾಪಸು ಹೋಗೋದಿಲ್ಲ ದೊಡ್ಡವ್ವ."

ನಾನು ರೊಟ್ಟಿ ಮಗುಚಿದೆ.

"ಮೇಷ್ಟ್ರು ಎಲ್ಲರ ಎದುರಿಗೆ ಹೇಳಿದ್ರು. ನಾನು ಒಂದು ಸೇಬು ಬರೆದಿದ್ದೆ. ಅಚ್ಚಿನ ಪುಸ್ತಕ ನೋಡಿ ಬರೆದದ್ದು. ಚೆನ್ನಾಗಿದೆ ಅಂದ್ರು. ಹೋದ ವರ್ಷದವರ ಸೇಬೂ ಹಿಂಗೇ ಇತ್ತು, ಅದರ ಹಿಂದಿನ ವರ್ಷದವರದ್ದೂ ಹಿಂಗೇ ಇತ್ತು ಅಂದ್ರು. ನೀನು ಸೇಬು ತಿಂದಿದ್ದೀಯಾ ಅಂತ ಕೇಳಿದ್ರು."

"ತಿಂದಿದ್ದೀಯಾ?"

"ಇಲ್ಲೆ. ಎಲ್ಲರೂ ನಕ್ಕರು. ಆಮೇಲೆ ಹೇಳಿದ್ರು, ಮಂಗಳವಾರ ಒಂದು ಚಿತ್ರ ತಾ. ನೀನು ಕಣ್ಣಾರೆ ಕಂಡದ್ದು. ಅದೂ ಆಗದಿದ್ರೆ ಪಕ್ಕದ ಬೀದೀಲಿ ಹೊಲಿಗೆ ಕ್ಲಾಸು ಉಟ್ಟು ಅಂದ್ರು. ಎರಡು ದಿನ ಕಾಗದ ಮುಂದೆ ಇಟ್ಕಂಡು ಕುಂತೆ. ಒಂದು ಗೆರೆ ಬರ್ಲಿಲ್ಲ. ಏನು ಬರೀಲಿ? ನಂಗೆ ಪುಸ್ತಕ ತೆಗೆದ್ರೆ ಮಾತ್ರ ಕೈ ಓಡ್ತದೆ."

ಹೊಗೆ ಕಣ್ಣಿಗೆ ಹೋಯಿತೋ ಏನೋ, ಸೆರಗಿನಿಂದ ಒರೆಸಿಕೊಂಡಳು.

"ಅಪ್ಪನಿಗೆ ನೀನೇ ಹೇಳು ದೊಡ್ಡವ್ವ. ನಂಗೆ ಆಗದು. ಊರವರ ಮಾತೆಲ್ಲ ಕೇಳ್ಕಂಡು ಕಳಿಸಿದ್ದಾರೆ."

ನಾಣಯ್ಯ ಮಗಳ ಚಿತ್ರಗಳನ್ನು ನೋಡುವಾಗ ನಾನು ನೋಡಿದ್ದೇನೆ. ರಜೆಗೆ ಬಂದಾಗ ಅವಳು ಹಂಸ, ಕೊಳ, ಬಿಳಿ ಮನೆ ಎಲ್ಲ ತೋರಿಸುತ್ತಿದ್ದಳು. ಕೈ ಹಿಂದಕ್ಕೆ ಕಟ್ಟಿ ನಿಂತು ಒಂದೊಂದನ್ನೂ ನೋಡಿ "ಚೆಂದ ಉಟ್ಟು" ಅನ್ನುತ್ತಿದ್ದ. ಯಾವುದು ಏನು ಎಂದು ಅವನಿಗೆ ತಿಳಿಯುತ್ತಿರಲಿಲ್ಲ. ಆದರೂ ಎಲ್ಲಕ್ಕೂ ಹಾಗೇ ಹೇಳುತ್ತಿದ್ದ.

"ಸೋಮವಾರ ಏಳೂವರೆ ಬಸ್ಸಿಗೆ ಮೊದಲು ಹೇಳಿದ್ರೆ ಸಾಕಲ್ಲ," ಅಂದೆ. "ಅಲ್ಲಿತನಕ ನನ್ನ ಜೊತೆ ಇರು. ಪೆನ್ಸಿಲು ಮುಟ್ಟಬೇಡ. ನಂಗೆ ಕೆಲಸ ತುಂಬ ಉಟ್ಟು, ಕೈಗೊಂದು ಕೈ ಬೇಕು."

ಆ ವಾರ ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು. ಸುಗ್ಗಿಗೆ ಬೇಕಾಗುವ ಕಾಫಿ ಚೀಲಗಳನ್ನು ತೊಳೆದು ತೇಪೆ ಹಾಕಿ ಇಟ್ಟಿದ್ದೆ. ಅವಕ್ಕೆ ನಮ್ಮ ಮನೆಯ ಗುರುತು ಹಾಕಿಸಬೇಕಿತ್ತು. ಚೀಲದ ಕಟ್ಟಿನ ಒಂದು ತುದಿ ಅವಳ ಹೆಗಲಿಗೆ, ಒಂದು ನನ್ನ ಹೆಗಲಿಗೆ. ಇಬ್ಬರೂ ಬೊಳ್ಳಪ್ಪಜ್ಜನ ಮನೆಗೆ ಹೋದೆವು.

ಬೊಳ್ಳಪ್ಪಜ್ಜ ಎಸ್ಟೇಟುಗಳ ಚೀಲಕ್ಕೆ ಗುರುತು ಬರೆಯುವವನು. ಬೇರೆ ಕಡೆ ತಗಡು ಕತ್ತರಿಸಿ, ಅದರ ಮೇಲೆ ಮಸಿ ಬಳಿದು ಗುರುತು ಒತ್ತುತ್ತಾರೆ. ಇವನಿಗೆ ತಗಡು ಬೇಡ. ತೆಂಗಿನ ನಾರಿನ ಕುಂಚ, ದೀಪದ ಕಾಡಿಗೆಗೆ ಎಣ್ಣೆ ಕಲಸಿದ ಒಂದು ಚಿಪ್ಪು ಮಸಿ, ಅಷ್ಟೇ ಇವನ ಸಾಮಾನು. ಅವನ ಹಿತ್ತಲ ತುಂಬ ಆನೆ ಗುರುತಿನ ಚೀಲಗಳು ಒಣಗುತ್ತಿದ್ದವು.

"ಬಾ ಬಾ, ಮೈಸೂರಿನ ಚಿತ್ರಗಾರ್ತಿ," ಅಂದ ನೀಲುವನ್ನು ನೋಡಿ. "ನನ್ನ ಕೆಲಸ ಕಿತ್ಕಳ್ಳೋಕೆ ಬಂದಿಯಾ?"

"ಇಲ್ಲೆ ಅಜ್ಜ. ನನ್ನ ಕೆಲಸವೇ ಹೋಗ್ಯದೆ," ಅಂದಳು.

ಅವನಿಗೆ ಕಿವಿ ಸ್ವಲ್ಪ ಮಂದ. ಕೇಳಿಸಲಿಲ್ಲವೋ, ಕೇಳಿಸದ ಹಾಗೆ ಮಾಡಿದನೋ, ಕುಂಚವನ್ನು ಅವಳ ಕೈಗೆ ಕೊಟ್ಟ. "ತಗ. ಒಂದು ಆನೆ ಬರಿ. ನಂಗೆ ಸೊಂಟ ನೋವು, ಸ್ವಲ್ಪ ಕುಂತ್ಕಳ್ತೀನಿ."

ನೀಲು ಹರಕು ಚೀಲವೊಂದನ್ನು ಹರವಿ ಬರೆದಳು. ನಾಲ್ಕು ಕಾಲು, ಸೊಂಡಿಲು, ದಂತ, ಬಾಲ, ಬಾಲದ ತುದಿಗೆ ಕೂದಲು, ಕಣ್ಣು, ಕಣ್ಣಿನ ರೆಪ್ಪೆ. ಒಂದು ಗಳಿಗೆ ಹಿಡಿಯಿತು. ಬೊಳ್ಳಪ್ಪಜ್ಜ ಆ ಚೀಲವನ್ನು ಎತ್ತಿಕೊಂಡು ಅಂಗಳದ ಆಚೆ ತುದಿಗೆ, ಹಲಸಿನ ಮರದ ಹತ್ತಿರ ಹೋಗಿ ಹಿಡಿದು ನಿಂತ.

"ಗಂಗಮ್ಮ, ಅಲ್ಲಿಂದ ನೋಡಿ ಹೇಳು. ಇದೆಂತ?"

ನನಗೆ ಸುಳ್ಳು ಹೇಳಲು ತೋಚಲಿಲ್ಲ. "ಹಂದಿ," ಅಂದೆ.

ನೀಲು ನನ್ನನ್ನು ದುರುಗುಟ್ಟಿ ನೋಡಿದಳು, ಆಮೇಲೆ ಅವಳಿಗೇ ನಗು ಬಂತು. ಊರಿಗೆ ಬಂದ ಮೇಲೆ ನಕ್ಕಿದ್ದು ಅದೇ ಮೊದಲು.

ಆಮೇಲೆ ಅವನು ತನ್ನ ಚೀಲ ಹಿಡಿದ. ಮೇಲೆ ಒಂದು ಬಾಗಿದ ಗೆರೆ, ಅದರ ಪಕ್ಕಕ್ಕೆ ಬೀಸಣಿಗೆಯಂಥ ಒಂದು ಕಿವಿ. ಇಷ್ಟೇ ಇದ್ದದ್ದು. ಕಾಲಿಲ್ಲ, ಸೊಂಡಿಲಿಲ್ಲ. ಆದರೆ ಅದು ಆನೆ. ಅಷ್ಟು ದೂರದಿಂದಲೂ ಆನೆ.

"ಉಳಿದದ್ದು ಎಲ್ಲಿ ಅಜ್ಜ?" ಕೇಳಿದಳು ನೀಲು.

"ಉಳಿದದ್ದು ನಾನು ನೋಡಿಲ್ಲೆ," ಅಂದ. "ನಂಗೆ ಇಪ್ಪತ್ತು ವರ್ಷ ಆಗಿರಬೇಕಾದ್ರೆ ತಿತಿಮತಿ ಕಾಡಲ್ಲಿ ಮರ ಕಡಿಯೋ ಕೆಲಸಕ್ಕೆ ಹೋಗಿದ್ದೆ. ಒಂದಿನ ಬಿದಿರು ಮೆಳೆ ಪಕ್ಕ ಕುಂತು ಬುತ್ತಿ ಬಿಚ್ಚಿದ್ದೀನಿ, ಮೆಳೆ ಮೇಲಿಂದ ಇದು ಕಾಣ್ತು. ಈ ಬೆನ್ನು, ಈ ಕಿವಿ. ಕಿವಿ ಒಂದ್ಸಲ ಹಿಂಗೆ ಆಡ್ತು. ನಾನು ಬುತ್ತಿ ಅಲ್ಲೇ ಬಿಟ್ಟು ಓಡಿದೆ. ಮುಂದೆ ಸರ್ಕಸ್ಸಲ್ಲಿ ಇಡೀ ಆನೆ ನೋಡಿದ್ದೀನಿ. ಅದು ನನ್ನ ಆನೆ ಅಲ್ಲ. ಗುರುತು ಬರೀರಿ ಅಂತ ಎಸ್ಟೇಟಿನ ದೊರೆ ಹೇಳಿದಾಗ ನಂಗೆ ಬಂದದ್ದು ಇದೇ."

ನೀಲು ಆ ಚೀಲವನ್ನು ತುಂಬ ಹೊತ್ತು ನೋಡಿದಳು. ಕುಂಚ ತೆಗೆದುಕೊಂಡು ಅವನ ಗೆರೆಯನ್ನು ಬರೆಯಲು ನೋಡಲಿಲ್ಲ. ಬೆರಳಿನಿಂದ ಗಾಳಿಯಲ್ಲಿ ಒಮ್ಮೆ ಆ ಬೆನ್ನನ್ನು ಎಳೆದಳು, ಅಷ್ಟೆ.

ನಮ್ಮ ಚೀಲಗಳಿಗೂ ಗುರುತು ಹಾಕಿಸಿ ಬರುವ ದಾರಿಯಲ್ಲಿ ಕೇಳಿದಳು, "ದೊಡ್ಡವ್ವ, ನಾನು ಎಂತ ನೋಡಿದ್ದೀನಿ?"

"ಚೀಲ ಸರಿಯಾಗಿ ಹಿಡ್ಕ, ನೆಲಕ್ಕೆ ತಾಗ್ತಾ ಉಟ್ಟು," ಅಂದೆ.

ಊಟ ಮುಗಿಸಿ ನಾನು ದನಗಳನ್ನು ನೋಡಲು ಕೆಳಗಿನ ಗದ್ದೆಗೆ ಹೋದೆ. ಹಿಂತಿರುಗಿ ಬರುವಾಗ ಬಚ್ಚಲಿನ ಹೊಗೆ ಕಂಡಿತು. ಹಿತ್ತಲಿಗೆ ಬಂದರೆ ನನ್ನ ಕಾಲು ಅಲ್ಲೇ ನಿಂತಿತು. ಅಡುಗೆಮನೆಯ ಹಿಂದೆ ನಮ್ಮ ಅತ್ತೆ ನೆಟ್ಟ ಮದ್ದು ಸೊಪ್ಪಿನ ಪೊದೆ ಇತ್ತು. ನಾನು ಮದುವೆಯಾಗಿ ಬಂದಾಗಿನಿಂದ ಪ್ರತಿ ವರ್ಷ ಅದೇ ಪೊದೆಯ ಸೊಪ್ಪು. ಅದರಲ್ಲಿ ಈಗ ಒಂದು ಎಲೆ ಇರಲಿಲ್ಲ. ದಂಟೂ ಇರಲಿಲ್ಲ, ಬುಡದಲ್ಲಿ ಗೇಣುದ್ದದ ಕೊರಡುಗಳು ಮಾತ್ರ ಉಳಿದಿದ್ದವು.

ನೀಲು ಬಚ್ಚಲು ಒಲೆಯ ಮೇಲೆ ದೊಡ್ಡ ಪಾತ್ರೆ ಇಟ್ಟು ಕುದಿಸುತ್ತಿದ್ದಳು. ಮುಖವೆಲ್ಲ ಬೆವರು. ಕಣ್ಣು ಹೊಳೆಯುತ್ತಿತ್ತು.

"ಪಾಯಸದ ಬಣ್ಣ ದೊಡ್ಡವ್ವ. ಆ ನೇರಳೆ. ಅದು ಅಂಗಡೀಲಿ ಸಿಗದು, ಪುಸ್ತಕದಲ್ಲೂ ಇಲ್ಲೆ. ಅದನ್ನ ನಾನು ಕಂಡಿದ್ದೀನಿ. ಹುಟ್ಟಿದಾಗಿಂದ ಕಂಡಿದ್ದೀನಿ."

"ಇವತ್ತು ಹದಿನೇಳು ಕೂಸೇ."

"ಒಂದು ದಿನದಲ್ಲಿ ಎಂತ ಆಗ್ತದೆ? ಗಿಡಕ್ಕೆ ತಾರೀಕು ಗೊತ್ತಾ?"

ಗಿಡಕ್ಕೆ ತಾರೀಕು ಗೊತ್ತೋ ಇಲ್ಲವೋ, ನಾನು ಹೇಳಲಾರೆ. ಆತುರಕ್ಕೆ ಅವಳು ಸರಿಯಾಗಿ ಕುದಿಸಲಿಲ್ಲವೋ, ನೀರು ಹೆಚ್ಚಾಯಿತೋ. ಸೋಸಿದಾಗ ಬಂದದ್ದು ಬೆಲ್ಲದ ಪಾತ್ರೆ ತೊಳೆದ ನೀರಿನ ಬಣ್ಣ. ಘಮವೂ ಇರಲಿಲ್ಲ. ಕಾಗದದ ಮೇಲೆ ಬಳಿದಳು. ಚಾ ಚೆಲ್ಲಿದ ಹಾಗೆ ಕಂಡಿತು. ಇನ್ನೊಮ್ಮೆ ಬಳಿದಳು. ಆಮೇಲೆ ತಿರುಗಿ ಪೊದೆಯನ್ನು ನೋಡಿದಳು. ಏನು ಮಾಡಿದೆ ಎಂದು ಅವಳಿಗೆ ಆಗ ತಿಳಿದದ್ದು.

"ನಾಳೆಗೆ ಸೊಪ್ಪಿಲ್ಲೆ," ಅಂದಳು ಮೆಲ್ಲಗೆ.

"ಇಲ್ಲೆ."

"ನಾನು ಮುಟ್ಟಿದ್ದೆಲ್ಲ ಹಿಂಗೇ ಆಗ್ತದೆ."

ಅಷ್ಟರಲ್ಲಿ ನಾಣಯ್ಯ ಬಂದ. ಹೆಗಲ ಮೇಲಿನ ಗುದ್ದಲಿ ಇಳಿಸಿ ಪೊದೆಯನ್ನು ನೋಡಿದ. "ಯಾರ ದನ ನುಗ್ಗಿತು?"

"ದನ ಅಲ್ಲ ಅಪ್ಪ. ನಾನು."

ಅವನು ಪಾತ್ರೆ ನೋಡಿದ, ಕಾಗದ ನೋಡಿದ, ಮಗಳ ಮುಖ ನೋಡಿದ. ಅವನ ಅಪ್ಪ, ನನ್ನ ಮಾವ, ಸಾಯುವ ವರ್ಷ ಗಂಜಿ ಕೂಡ ಇಳಿಯದ ಹೊತ್ತಿನಲ್ಲಿ ಈ ಪೊದೆಯ ಪಾಯಸ ಎರಡು ಚಮಚ ಕೇಳಿ ಕುಡಿದಿದ್ದರು. ಚಮಚ ಹಿಡಿದವನು ನಾಣಯ್ಯ. ಅದು ಅವನಿಗೆ ನೆನಪಾಗದೆ ಇರುವುದಿಲ್ಲ.

"ಮೈಸೂರಿನ ದನ ಸ್ವಲ್ಪ ಹೆಚ್ಚೇ ಮೇಯ್ತದೆ," ಅಂದ. "ಅತ್ತಿಗೆ, ಬೆಳಿಗ್ಗೆ ಬೇಗ ಎದ್ದು ಬೇಲಿ ಕಡೆ ಹೋದ್ರೆ ಸಿಕ್ಕೀತು."

ಸಿಗಲಿಲ್ಲ. ಭಾನುವಾರ ಸೂರ್ಯ ಹುಟ್ಟುವ ಮೊದಲೇ ನಾನೂ ನೀಲೂ ಹೊರಟೆವು. ಆದರೆ ಹದಿನೆಂಟರ ಬೆಳಿಗ್ಗೆ ಊರಿಗೆ ಊರೇ ನಮಗಿಂತ ಮೊದಲು ಎದ್ದಿರುತ್ತದೆ. ಬೇಲಿ ಸಾಲಿನ ಗಿಡಗಳೆಲ್ಲ ಬೋಳು. ಎದುರಿಗೆ ಬಂದ ನೆರೆಮನೆಯ ಹೆಂಗಸಿನ ಸೊಂಟದಲ್ಲಿ ಬುಟ್ಟಿ ತುಂಬಿತ್ತು.

"ಎಂತ ಗಂಗಮ್ಮ, ನಿಮ್ಮ ಹಿತ್ತಲಲ್ಲೇ ಅಷ್ಟು ದೊಡ್ಡ ಪೊದೆ ಉಟ್ಟಲ್ಲ?"

"ಹುಳು ಹಿಡೀತು," ಅಂದೆ.

ಅವಳು ಆಚೆ ಹೋದ ಮೇಲೆ ನೀಲು ಕೇಳಿದಳು, "ಆ ಹುಳ ನಾನೇನಾ?"

"ಇನ್ನೆಂತ. ಎರಡು ಜಡೆಯ ಹುಳ."

ಉಳಿದದ್ದು ಲಿಂಗಿಯ ಮನೆ ಒಂದೇ. ಹೊಳೆಯ ಆಚೆಗಿನ ಎಸ್ಟೇಟಿನ ಲೈನಿನಲ್ಲಿ, ಆಳುಗಳ ಸಾಲುಮನೆಯಲ್ಲಿ, ಕೊನೆಯ ಕೋಣೆ ಅವಳದ್ದು. ವಾರವೆಲ್ಲ ತೋಟದ ಕೆಲಸ, ಭಾನುವಾರ ಬುಟ್ಟಿ ಹೆಣೆಯುವುದು. ಹೊಳೆ ಬದಿಯ ಯಾವ ಸಂದಿಯಲ್ಲಿ ಯಾವ ಸೊಪ್ಪು ಇದೆ ಎಂದು ಅವಳಷ್ಟು ತಿಳಿದವರು ಬೇರೆ ಇರಲಿಲ್ಲ. ನಾವು ಹೋದಾಗ ಬಾಗಿಲ ಮುಂದೆ ಕಾಲು ನೀಡಿ ಕುಳಿತು ಬಿದಿರು ಸೀಳುತ್ತಿದ್ದಳು. ಪಕ್ಕದಲ್ಲಿ ಮದ್ದು ಸೊಪ್ಪಿನ ರಾಶಿ. ಆ ಘಮ ಹತ್ತು ಮಾರು ದೂರಕ್ಕೇ ಬಂತು.

ನಾನು ನಡೆದದ್ದನ್ನು ಹೇಳಿದೆ. ಲಿಂಗಿ ನೀಲುವನ್ನು ಮೇಲಿಂದ ಕೆಳಗೆ ನೋಡಿದಳು.

"ಹದಿನೇಳಕ್ಕೇ ಕಿತ್ತಿಯಾ ಸಣ್ಣವ್ವ? ಹಣ್ಣಾಗೋ ಮೊದಲೇ ಹಲಸು ಕುಯ್ದ ಹಂಗಾತು," ಅಂದಳು. "ಸೊಪ್ಪು ಕೊಡ್ತೀನಿ. ಬುಟ್ಟಿ ಕೊಡಲ್ಲ. ಬುಟ್ಟಿ ನೀನೇ ಹೆಣೆದು ತುಂಬ್ಕಂಡು ಹೋಗು."

"ನಂಗೆ ಬರೋದಿಲ್ಲ."

"ಬರೋದಿಲ್ಲ ಅಂತ ಗೊತ್ತು. ಕೂತ್ಕ."

ನೀಲು ಸೀರೆ ಮಡಚಿ ನೆಲದ ಮೇಲೆ ಅವಳ ಪಕ್ಕ ಕುಳಿತಳು. ಅಡ್ಡ ಆರು ಪಟ್ಟಿ, ಉದ್ದ ಆರು ಪಟ್ಟಿ. ಒಂದು ಮೇಲೆ, ಒಂದು ಕೆಳಗೆ. ಹೇಳಲು ಸುಲಭ. ಎರಡು ಸುತ್ತು ಬರುವುದರೊಳಗೆ ಬಿದಿರಿನ ಅಂಚು ಅವಳ ಹೆಬ್ಬೆರಳನ್ನು ಕೊಯ್ದಿತು. ಲಿಂಗಿ ಯಾವುದೋ ಎಲೆ ಅಗಿದು ಮೆತ್ತಿದಳು. ಮತ್ತೆ ಕೈಗೆ ಪಟ್ಟಿ ಕೊಟ್ಟಳು.

ಲಿಂಗಿಗೆ ಎಡಗೈಯ ಉಂಗುರ ಬೆರಳು ಬಾಗಿದೆ. ಚಿಕ್ಕಂದಿನಲ್ಲಿ ಮುರಿದು ಹಾಗೇ ಕೂಡಿಕೊಂಡದ್ದು. ಪಟ್ಟಿ ಜಾರದ ಹಾಗೆ ಆ ಬೆರಳಲ್ಲೇ ಒತ್ತಿ ಹಿಡಿಯುತ್ತಾಳೆ. ನೀಲು ತನ್ನ ಬುಟ್ಟಿ ಬಿಟ್ಟು ಆ ಬೆರಳನ್ನೇ ನೋಡುತ್ತಿದ್ದಳು.

"ಎಂತ ನೋಡ್ತೀ? ದೇವರು ಕೊಟ್ಟ ಕೊಕ್ಕೆ ಇದು," ಅಂದಳು ಲಿಂಗಿ. "ನಿಂಗೆ ಇಲ್ಲ, ಅದಕ್ಕೇ ನಿನ್ನ ಬುಟ್ಟಿ ಕುಡಿದವನ ಹಂಗೆ ವಾಲ್ತದೆ."

ಕೈ ಓಡುತ್ತಿದ್ದರೆ ಅವಳ ಬಾಯಿಯೂ ಓಡುತ್ತದೆ. ಹೋದ ವರ್ಷ ಲೈನಿಗೆ ಲೆಕ್ಕ ಬರೆಯುವ ಹೊಸ ರೈಟರು ಬಂದಿದ್ದನಂತೆ, ಬಯಲುಸೀಮೆಯವನು. ಯಾರೋ ಪ್ರೀತಿಯಿಂದ ಮೂರು ಲೋಟ ಪಾಯಸ ಕೊಟ್ಟರು. ಮದ್ದು ಸೊಪ್ಪು ತಿಂದ ಮರುದಿನ ಮೂತ್ರ ಕೆಂಪಗೆ ಹೋಗುವುದು ನಮಗೆಲ್ಲ ಗೊತ್ತು. ಅವನಿಗೆ ಯಾರೂ ಹೇಳಿರಲಿಲ್ಲ. ಬೆಳಿಗ್ಗೆ ತೋಟದಿಂದ ಓಡಿ ಬಂದವನು ತನ್ನ ಹೆಂಡತಿಗೆ ಕಾಗದ ಬರೆಯಿರಿ, ನಾನು ಉಳಿಯುವುದಿಲ್ಲ ಎಂದು ಜಗಲಿಯಲ್ಲಿ ಮಲಗಿಬಿಟ್ಟನಂತೆ.

ನೀಲು ನಗುತ್ತ ನಗುತ್ತ ಕೇಳಿದಳು, "ಲಿಂಗಿ, ನಿನ್ನನ್ನ ಬರೀಲಾ?"

ಲಿಂಗಿಯ ಕೈ ನಿಂತಿತು. "ಮುಖ ಬೇಡ ಸಣ್ಣವ್ವ. ಮುಖ ಬರೆಸ್ಕಂಡ್ರೆ ಆಯಸ್ಸು ಕಮ್ಮಿ ಆಗ್ತದೆ ಅಂತಾರೆ."

"ಕೈ?"

ಲಿಂಗಿ ತನ್ನ ಎರಡು ಕೈಗಳನ್ನೂ ಹೊರಳಿಸಿ ನೋಡಿಕೊಂಡಳು. "ಕೈ ಬೇಕಾದ್ರೆ ಬರ್ಕ. ಇದು ಸವೆಯೋದೆಲ್ಲ ಸವೆದಾಗ್ಯದೆ."

ನೀಲುವಿನ ಹತ್ತಿರ ಕಾಗದ ಇರಲಿಲ್ಲ. ನಾನೇ ಪೆನ್ಸಿಲು ಮುಟ್ಟಬೇಡ ಎಂದಿದ್ದೆನಲ್ಲ. ಹಾಗಾಗಿ ಸುಮ್ಮನೆ ನೋಡುತ್ತ ಕುಳಿತಳು. ಬಿಸಿಲು ಮೇಲೆ ಬರುವ ತನಕ ನೋಡಿದಳು, ನಡುನಡುವೆ ತನ್ನ ಬುಟ್ಟಿಯನ್ನೂ ಹೆಣೆದಳು. ಕೊನೆಗೆ ಆದದ್ದು ಒಂದು ಕಡೆ ಎತ್ತರ, ಒಂದು ಕಡೆ ತಗ್ಗಾದ ಬುಟ್ಟಿ. ಲಿಂಗಿ ಅದರಲ್ಲಿ ಸೊಪ್ಪನ್ನು ಅದುಮಿ ತುಂಬಿದಳು. ಮಧ್ಯಾಹ್ನ ಪಾಯಸಕ್ಕೆ ಬಾ ಎಂದು ಹೇಳಿ ಬಂದೆವು.

ಮನೆಗೆ ಬಂದು ಸೊಪ್ಪನ್ನು ದಂಟು ಸಮೇತ ಜಜ್ಜಿ ಒಲೆಗಿಟ್ಟೆ. ಈ ಸಲ ಅವಳಿಗೆ ಆತುರವಿರಲಿಲ್ಲ. ಕೊಳ್ಳಿ ಮುಂದೆ ಮಾಡುತ್ತ, ಹಿಂದೆ ಮಾಡುತ್ತ ಕುಳಿತಳು. ನೀರು ಹಸಿರಾಯಿತು, ಕಪ್ಪಾಯಿತು, ಆಮೇಲೆ ಅಂಚಿನಲ್ಲಿ ಆ ನೇರಳೆ ಎದ್ದಿತು. ಬೆಲ್ಲ, ಕಾಯಿಹಾಲು ಹಾಕುವ ಮೊದಲು ಒಂದು ಬಟ್ಟಲು ನೀರನ್ನು ನಾನೇ ಬಗ್ಗಿಸಿ ಅವಳ ಮುಂದೆ ಇಟ್ಟೆ.

"ಕುಂಚ ತರಲಾ?" ಕೇಳಿದಳು, ನನ್ನ ಅಪ್ಪಣೆ ಬೇಕು ಎನ್ನುವ ಹಾಗೆ.

"ಪೆನ್ಸಿಲು ಬೇಡ ಅಂದದ್ದು. ಕುಂಚ ಬೇಡ ಅಂದಿಲ್ಲೆ."

ಅಡುಗೆಮನೆಯ ಹೊಸ್ತಿಲ ಹತ್ತಿರ, ಮಣೆಯ ಮೇಲೆ ಕಾಗದ ಇಟ್ಟುಕೊಂಡು ಬರೆದಳು. ನಾನು ಅಕ್ಕಿ ಹಾಕಿ ತಿರುವುತ್ತಿದ್ದೆ, ಅತ್ತ ನೋಡಲಿಲ್ಲ. ಒಂದು ಕಾಗದ ಹರಿದ ಸದ್ದು ಕೇಳಿತು. ಆಮೇಲೆ ಇನ್ನೊಂದು. ಮೂರನೆಯದು ಹರಿಯಲಿಲ್ಲ. ಪಾಯಸ ಗಟ್ಟಿಯಾಗುವ ಹೊತ್ತಿಗೆ ಅವಳು ಎದ್ದು ಕಾಗದವನ್ನು ಜಗಲಿಯ ಬೆಂಚಿನ ಮೇಲೆ ಒಣಗಲು ಇಟ್ಟು, ನನ್ನ ಕೈಯಿಂದ ಸೌಟು ತೆಗೆದುಕೊಂಡಳು.

ನಾಣಯ್ಯ ಗದ್ದೆಯಿಂದ ಬಂದು ಜಗಲಿ ಹತ್ತಿದ. ಹೆಜ್ಜೆ ನಿಂತಿತು.

"ಲಿಂಗಿ ಬಂದಿದ್ದಾಳಾ?" ಒಳಗೆ ಕೇಳುವ ಹಾಗೆ ಅಂದ.

"ಇಲ್ಲೆ, ಇನ್ನೂ ಬಂದಿಲ್ಲೆ," ಅಂದೆ ನಾನು.

"ಮತ್ತೆ ಇದು ಅವಳ ಕೈ ಅಲ್ವಾ?"

ಸೌಟು ಪಾತ್ರೆಯೊಳಗೇ ಉಳಿಯಿತು. ನೀಲು ಬಾಗಿಲಿಗೆ ಹೋಗಿ ನಿಂತಳು. "ಹೆಂಗೆ ಗೊತ್ತಾತು ಅಪ್ಪ?"

"ಆ ಬೆರಳು ಇನ್ಯಾರಿಗೆ ಉಟ್ಟು? ಇಪ್ಪತ್ತು ವರ್ಷದಿಂದ ನಮ್ಮನೆ ಬುಟ್ಟಿ ಎಲ್ಲ ಆ ಬೆರಳೇ ಅಲ್ವಾ ಮಾಡಿದ್ದು," ಅಂದ. ಈ ಸಲ ಕೈ ಹಿಂದಕ್ಕೆ ಕಟ್ಟಿರಲಿಲ್ಲ. ಬಗ್ಗಿ, ಮುಟ್ಟಲೋ ಬೇಡವೋ ಎನ್ನುವ ಹಾಗೆ ಒಂದು ಬೆರಳನ್ನು ಕಾಗದದ ಹತ್ತಿರಕ್ಕೆ ಒಯ್ದು ಹಿಂದೆ ತೆಗೆದ. ಚೆಂದ ಉಟ್ಟು ಎಂದು ಹೇಳಲು ಮರೆತ. ಕಾಲು ತೊಳೆಯಲು ಹೋದ.

ನೀಲು ಅಲ್ಲೇ ನಿಂತಿದ್ದಳು. ಪಾಯಸ ತಳ ಹಿಡಿಯುವ ವಾಸನೆ ಬಂತು, ನಾನೇ ಓಡಿ ಹೋಗಿ ತಿರುವಿದೆ.

ಲಿಂಗಿ ಬಂದಳು. ಎಲ್ಲರೂ ಜೇನು ಹಾಕಿಕೊಂಡು ಪಾಯಸ ತಿಂದೆವು. ತುಟಿ, ನಾಲಿಗೆ ಎಲ್ಲ ನೇರಳೆ. ಚಿತ್ರ ನೋಡಿ ಲಿಂಗಿ ಮೊದಲು ತನ್ನ ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು, ಆಮೇಲೆ ತೆಗೆದು ಕಾಗದದ ಪಕ್ಕ ಇಟ್ಟು ನೋಡಿದಳು. "ಉಗುರಿನ ಕೊಳೆ ಕೂಡ ಬಿಟ್ಟಿಲ್ಲಲ್ಲ ಈ ಮಗು," ಅಂದಳು.

ಸೋಮವಾರ ಬೆಳಿಗ್ಗೆ ನಾನು ಕಾಫಿಗೆ ನೀರಿಟ್ಟಿದ್ದೆ. ನೀಲು ಕಾಗದ ಹಿಡಿದು ಬಂದಳು.

"ದೊಡ್ಡವ್ವ, ಬಣ್ಣ ಹೋಯ್ತು."

ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ನಿಜ. ಆ ನೇರಳೆ ಒಂದು ರಾತ್ರಿಯಲ್ಲಿ ಇಳಿದುಹೋಗಿತ್ತು. ಅಂಚು ಕಂದಾಗಿ, ನಡುವೆ ಬೂದಿ ಕಲಸಿದ ಹಾಗೆ ಆಗಿತ್ತು. ಸೊಪ್ಪು ತರೋಣವೆಂದರೆ ಇವತ್ತು ಹತ್ತೊಂಬತ್ತು. ಬಸ್ಸಿಗೆ ಒಂದು ಗಂಟೆ ಇದೆ. ನನ್ನ 'ಸೋಮವಾರ ಬಸ್ಸಿಗೆ ಮೊದಲು' ಬಂದೇ ಬಿಟ್ಟಿತ್ತು. ಇವಳು ಈಗ ಏನು ಹೇಳುತ್ತಾಳೆ, ನಾನು ನಾಣಯ್ಯನಿಗೆ ಏನು ಹೇಳಬೇಕು ಎಂದು ಕಾಗದ ಹಿಡಿದುಕೊಂಡೇ ಯೋಚಿಸಿದೆ.

"ಹಾಳಾಗಿ ಕಾಣ್ತದಾ?" ಕೇಳಿದಳು.

ಚಿತ್ರದ ವಿಚಾರ ನನಗೇನು ಗೊತ್ತು. ಕಂಡದ್ದನ್ನು ಹೇಳಿದೆ. "ನಿನ್ನೆ ಪಾಯಸದಲ್ಲಿ ಅದ್ದಿದ ಕೈ ಹಂಗಿತ್ತು. ಇವತ್ತು ಬಿದಿರು ಸೀಳೋ ಕೈ ಹಂಗೆ ಉಟ್ಟು."

ಅವಳು ಕಾಗದವನ್ನು ನನ್ನಿಂದ ತೆಗೆದುಕೊಂಡು ಕೈಯುದ್ದ ಹಿಡಿದಳು. ಆಮೇಲೆ ಹೊರಗೆ ಹೋಗಿ, ಬೊಳ್ಳಪ್ಪಜ್ಜ ಮಾಡಿದ ಹಾಗೆ, ಅದನ್ನು ಬೇಲಿಯ ಕಂಬಕ್ಕೆ ಒರಗಿಸಿ, ಅಂಗಳದ ಈಚೆಗೆ ಬಂದು ನಿಂತು ನೋಡಿದಳು. ಕಾಫಿ ಕುದಿಯಿತು. ನಾನು ಸೋಸಿದೆ. ಅವಳು ಒಳಗೆ ಬಂದು ಕೋಣೆಗೆ ಹೋದಳು. ಪೆಟ್ಟಿಗೆಯ ಚಿಲಕ ತೆಗೆದ ಸದ್ದು ಕೇಳಿತು.

ನಾನು ಕಾಫಿ ಹಿಡಿದು ಹೋದಾಗ ಹಾಸಿಗೆಯ ಮೇಲೆ ಅಚ್ಚಿನ ಪುಸ್ತಕಗಳನ್ನೆಲ್ಲ ಹೊರಗೆ ತೆಗೆದಿಟ್ಟಿದ್ದಳು. ಹಂಸ, ಕೊಳ, ಸೇಬು ಎಲ್ಲವೂ ಇದ್ದವು. ಹೊದಿಕೆ, ಚಳಿಗಾಲದ ಬಟ್ಟೆ ಕೂಡ ತೆಗೆದಿದ್ದಳು.

"ಇದು ಇಲ್ಲೇ ಇರ್ಲಿ ದೊಡ್ಡವ್ವ. ದಸರಾ ರಜೆಗೆ ಬಂದಾಗ ಹೊದಿಕೆ ತಗಂಡು ಹೋಗ್ತೀನಿ."

"ಪುಸ್ತಕ?"

"ಅಲ್ಲೇ ಕಪಾಟಿನ ಮೇಲಿಡು. ಯಾರಾದ್ರೂ ಸೇಬು ತಂದ್ರೆ ಸುತ್ತಿ ಇಡೋಕೆ ಆಗ್ತದೆ."

ಬಸ್ಸಿಗೆ ಪೆಟ್ಟಿಗೆಯನ್ನು ನಾಣಯ್ಯ ಒಬ್ಬನೇ ಎತ್ತಿಕೊಂಡು ಬಂದ. ವಾಲಿದ ಬುಟ್ಟಿಯನ್ನು ಅವಳು ಯಾರ ಕೈಗೂ ಕೊಡಲಿಲ್ಲ, ತೊಡೆಯ ಮೇಲಿಟ್ಟುಕೊಂಡು ಕಿಟಕಿ ಪಕ್ಕ ಕುಳಿತಳು. ಬಸ್ಸು ತಿರುವಿನಲ್ಲಿ ಮರೆಯಾಗುವ ತನಕ ನಾವಿಬ್ಬರೂ ನಿಂತಿದ್ದೆವು.

ಹಿಂದಕ್ಕೆ ಬರುವಾಗ ನಾಣಯ್ಯ ಅಂದ, "ಶುಕ್ರವಾರ ತುಂಬ ಭಾರ ಇತ್ತು ಅತ್ತಿಗೆ, ಪೆಟ್ಟಿಗೆ."

ನಾನು ಅವನ ಮುಖ ನೋಡಿದೆ. "ನಿಂಗೆ ಗೊತ್ತಿತ್ತಾ?"

"ಒಳಗೆ ಇಟ್ಟವ ನಾನೇ ಅಲ್ವಾ."

"ಮತ್ತೆ ಒಂದು ಮಾತು ಕೇಳಿಲ್ಲೆ."

"ಕೇಳಿದ್ರೆ ಹೋಗೋದಿಲ್ಲ ಅಂತ ಹೇಳೋಳು. ಹೇಳಿದ ಮೇಲೆ ಹೋಗೋಕೆ ಕಷ್ಟ," ಅಂದ.

ಹತ್ತು ದಿನಕ್ಕೆ ಒಂದು ಕಾರ್ಡು ಬಂತು. ನನಗೆ ಕೈಬರಹ ಓದಲು ಕಷ್ಟ, ನಾಣಯ್ಯನೇ ಓದಿದ. ಮೇಷ್ಟ್ರು ಚಿತ್ರವನ್ನು ತುಂಬ ಹೊತ್ತು ನೋಡಿದರಂತೆ. ಯಾವ ಬಣ್ಣ ಎಂದು ಕೇಳಲಿಲ್ಲವಂತೆ. ಇದು ಯಾರ ಕೈ ಎಂದು ಕೇಳಿದರಂತೆ. ನೀಲು ಹೆಸರು ಹೇಳಿದ ಮೇಲೆ ಚಿತ್ರದ ಕೆಳಗೆ ಅವರೇ ಲಿಂಗಿ ಎಂದು ಬರೆದು ಕ್ಲಾಸಿನ ಗೋಡೆಗೆ ಹಚ್ಚಿದರಂತೆ. ಕೆಳಗೆ ಇನ್ನೊಂದು ಸಾಲು: ಪೊದೆ ಚಿಗುರಿದೆಯಾ, ತಿಳಿಸಿ.

ಪೊದೆಯಲ್ಲಿ ಆಗ ಎರಡೆರಡು ಎಲೆ ಬಂದಿತ್ತು.

ಆ ಭಾನುವಾರ ನಾನು ಹೊಳೆ ದಾಟಿ ಲೈನಿಗೆ ಹೋಗಿ ಲಿಂಗಿಗೆ ಕಾರ್ಡಿನ ವಿಷಯ ಹೇಳಿದೆ. ಅವಳು ಬಿದಿರು ಪಟ್ಟಿ ಕೆಳಗಿಟ್ಟು ತನ್ನ ಎಡಗೈಯನ್ನು ಮುಖದ ಹತ್ತಿರ ತಂದುಕೊಂಡಳು. ಆ ಬಾಗಿದ ಬೆರಳನ್ನು ನೋಡಿದಳು.

"ನೋಡವ್ವ," ಅಂದಳು. "ನಾನು ಇನ್ನೂ ಮಡಿಕೇರಿ ಕಂಡಿಲ್ಲ. ಇದು ಹೋಗಿ ಮೈಸೂರಲ್ಲಿ ಕೂತದೆ."

ಆಮೇಲೆ ಆ ಬೆರಳಲ್ಲೇ ಪಟ್ಟಿ ಒತ್ತಿ ಹಿಡಿದು, ಬಿಟ್ಟ ಸುತ್ತನ್ನು ಮುಂದುವರಿಸಿದಳು.